ಒಡಲು ಮತ್ತು ಎಂಜಿನ್ನು: ಮಾರುತ್ ವಿಮಾನದ ಒಂದು ವಿವೇಚನೆ

ವೇಗದ ಮೋಟಾರುಗಾಡಿಯ ಎಂಜಿನ್ನು ಕೆಟ್ಟಾಗ ಅದನ್ನು ಬಿಚ್ಚಿ ಸರಿಪಡಿಸುವುದು ಒಂದು ಮಾರ್ಗ. ಅದರ ಸ್ಥಾನದಲ್ಲಿ ಬೇರೊಂದನ್ನು ಕೂಡಿಸುವುದು ಇನ್ನೊಂದು. ಎರಡನೆಯದು ಮೇಲ್ನೋಟಕ್ಕೆ ಸುಲಭವೆಂದು ತೋರುವುದು. ಆದರೆ ತೂಕ ಬದಲಾದರೆ ಸ್ಪ್ರಿಂಗುಗಳ ಮೇಲಣ ಭಾರವೂ, ಶಕ್ತಿ ಬದಲಾದರೆ ಗೇರುಪೆಟ್ಟಿಗೆ, ಬ್ರೇಕುಗಳ ಲೆಕ್ಕವೂ ವ್ಯತ್ಯಾಸವಾಗುತ್ತವೆ. ಒಡಲೂ ಎಂಜಿನ್ನೂ ಒಂದೇ ಲೆಕ್ಕಾಚಾರದ ಎರಡು ಭಾಗಗಳು. ಈ ತತ್ತ್ವಕ್ಕೆ ನಮ್ಮ ನಾಡಿನಲ್ಲಿಯೇ ಸ್ಪಷ್ಟವಾದ ನಿದರ್ಶನವೊಂದುಂಟು. ಅದು ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ನಿರ್ಮಿತವಾದ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ವೃತ್ತಾಂತ.

1956ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್, ಶಬ್ದಕ್ಕಿಂತ ಇಮ್ಮಡಿ ವೇಗವನ್ನು ಗುರಿಯಾಗಿಟ್ಟುಕೊಂಡು ಇದರ ಒಡಲನ್ನು ರೂಪಿಸಿದನು. ಅದಕ್ಕೆಂದು ಆರಿಸಿದ್ದು ಬ್ರಿಟನ್ನಿನ ಬ್ರಿಸ್ಟಲ್ ಸಂಸ್ಥೆ ಸಿದ್ಧಪಡಿಸುತ್ತಿದ್ದ ಆರ್ಫಿಯಸ್ 12 ಎಂಬ ಎಂಜಿನ್ನು. ಹೊರಬೀಳುವ ಬಿಸಿ ಅನಿಲದಲ್ಲಿ ಮತ್ತೆ ಇಂಧನವನ್ನು ಉರಿಸುವ ಪುನರ್ದಹನ ವ್ಯವಸ್ಥೆಯೊಡನೆ ಅದರ ನೂಕುಬಲ ಸುಮಾರು 8,170 ಪೌಂಡು. ಬ್ರಿಟನ್ನು ಅದರಲ್ಲಿ ಆಸಕ್ತಿ ಕಳೆದುಕೊಂಡಿತು, ಅಭಿವೃದ್ಧಿಯ ವೆಚ್ಚವನ್ನು ಭಾರತ ವಹಿಸಿಕೊಳ್ಳಲಿಲ್ಲ, ಕೆಲಸ ನಿಂತಿತು. ಆಗ ಪುನರ್ದಹನವಿಲ್ಲದ, 4,850 ಪೌಂಡು ನೂಕುಬಲದ ಆರ್ಫಿಯಸ್ 703 ಎಂಜಿನ್ನುಗಳೆರಡನ್ನು ಕೂಡಿಸಲಾಯಿತು. 1961ರ ಜೂನ್ 17ರಂದು ವಿಮಾನ ಹಾರಿತು. ಉದ್ದೇಶಿತ ವೇಗ ಮಾತ್ರ ಕೈಗೂಡಲಿಲ್ಲ.

ಮುಂದೆ ಎರಡು ಬಗೆಯ ಪರಿಹಾರಗಳನ್ನು ಹುಡುಕಿದರು. ಈಜಿಪ್ಟಿನಲ್ಲಿ ಫರ್ಡಿನೆಂಡ್ ಬ್ರಾಂಡ್‌ನರ್ ರೂಪಿಸಿದ ಎಂಜಿನ್ನನ್ನು 1967ರಲ್ಲಿ ಮಾರುತ್ ಒಂದರಲ್ಲಿಟ್ಟು ಹಾರಿಸಿದರು. ಆ ಯೋಜನೆಯೂ ಅರ್ಧಕ್ಕೆ ನಿಂತಿತು. ಬೆಂಗಳೂರಿನಲ್ಲಿ 703ಕ್ಕೆ ಪುನರ್ದಹನವನ್ನು ಅಳವಡಿಸಿದಾಗ ಹಿಂಬದಿಯ ಒಡಲನ್ನು ಹಿಗ್ಗಿಸಬೇಕಾಯಿತು. ಅದರಿಂದ ಗಾಳಿಯ ತಡೆ ಹೆಚ್ಚಿ, ಗಳಿಸಿದ ಬಲದ ಒಂದಂಶ ವ್ಯರ್ಥವಾಯಿತು. ಮೊದಲ ಹಾರಾಟ ನಡೆಸಿದ್ದ ಸುರಂಜನ್ ದಾಸ್ ಅವರೇ 1970ರ ಜನವರಿ 10ರಂದು ಇಂಥ ಪ್ರಯೋಗದ ವಿಮಾನವೊಂದರ ಅಪಘಾತದಲ್ಲಿ ಮಡಿದರು.

ಇಷ್ಟರಿಂದ ಮಾರುತ್ ನಿಷ್ಪ್ರಯೋಜಕವಾಯಿತೆಂದು ತೀರ್ಮಾನಿಸಲಾಗದು. ಒಟ್ಟು 147 ವಿಮಾನಗಳು ನಿರ್ಮಿತವಾದವು. 1971ರ ಯುದ್ಧದಲ್ಲಿ ಅವು ರಾಜಸ್ಥಾನದ ಗಡಿಯಲ್ಲಿ ಭೂಸೇನೆಗೆ ನೆರವಾದವು. ಒಂದು ಎಂಜಿನ್ನು ನಿಂತರೂ ಮತ್ತೊಂದರ ಬಲದಿಂದ ಮರಳಿ ಬಂದ ಪ್ರಸಂಗಗಳುಂಟು. ಆದ್ದರಿಂದ ವಿನ್ಯಾಸವೇ ಸೋತಿತೆಂಬ ಮಾತು ಅರ್ಧಸತ್ಯ. ಒಡಲಿನ ನಿರ್ಣಯ ಬೆಂಗಳೂರಿನಲ್ಲಿಯೂ ಎಂಜಿನ್ನಿನ ನಿರ್ಣಯ ಸಮುದ್ರದಾಚೆಯಲ್ಲಿಯೂ ಆದದ್ದೇ ಕೊರತೆಯ ಮೂಲ.

ಈ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. 1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್ನು ಸಿದ್ಧವಾಗದ ಕಾರಣ, 2001ರ ಜನವರಿ 4ರಂದು ಬೆಂಗಳೂರಿನಿಂದ ಮೊದಲ ಬಾರಿಗೆ ಮೇಲೇರಿದ ತೇಜಸ್ ವಿಮಾನದಲ್ಲಿದ್ದುದು ಅಮೆರಿಕೆಯ ಎಂಜಿನ್ನು. ಯಂತ್ರಗಳ ಇತಿಹಾಸವನ್ನು ಅಭ್ಯಸಿಸುವ ವಿದ್ಯಾರ್ಥಿಯು ಯಂತ್ರದ ರಚನೆಯ ಜೊತೆಗೆ, ಅದರ ಹೃದಯಭಾಗ ಯಾರ ಅಧೀನದಲ್ಲಿತ್ತೆಂಬುದನ್ನೂ ವಿಚಾರಿಸುವುದು ಅವಶ್ಯ.