ಕಬ್ಬಿಣದ ಸದ್ದಿನಲ್ಲಿ ಕೋಬಾಲ್ಟ್

ಒಡವೆ ಅಂಗಡಿಯಲ್ಲಿ ಬಳೆಯನ್ನು ಯಂತ್ರದೊಳಗಿಟ್ಟು ಚಿನ್ನವೆಷ್ಟು, ತಾಮ್ರವೆಷ್ಟು ಎಂದು ಕ್ಷಣದಲ್ಲೇ ಹೇಳುತ್ತಾರಲ್ಲ, ಸಮುದ್ರತಳದಿಂದ ತಂದ ಲೋಹದ ಗಂಟುಗಳನ್ನೂ ಹಾಗೆಯೇ ಪರೀಕ್ಷಿಸಲು ಬರುವುದಿಲ್ಲವೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಬರುತ್ತದೆ. ಎರಡೂ ಕಡೆ ವಿಧಾನ ಒಂದೇ: ಕ್ಷ-ಕಿರಣ ಪ್ರತಿದೀಪ್ತಿ, ಅಂದರೆ ಎಕ್ಸ್‌ಆರ್‌ಎಫ್. ಆದರೆ ಗಂಟಿನ ವಿಷಯದಲ್ಲಿ ಯಂತ್ರದ ಮಾತನ್ನು ಸ್ವಲ್ಪ ತಡೆದು ನಂಬಬೇಕು.

1981ರ ಜನವರಿ 26ರಂದು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ‘ಗವೇಷಣಿ’ ಹಡಗಿನಿಂದ ತಮ್ಮ ಮೊದಲ ಗಂಟನ್ನು ಮೇಲೆತ್ತಿದರು. ಮಧ್ಯ ಹಿಂದೂ ಮಹಾಸಾಗರದಲ್ಲಿ ಇಂಥ ಗಂಟುಗಳನ್ನು ಅನ್ವೇಷಿಸಲು ಭಾರತಕ್ಕೆ ಈಗ 75,000 ಚದರ ಕಿಲೋಮೀಟರ್ ಪ್ರದೇಶವಿದೆ. ಅಲ್ಲಿನ ಗಂಟಿನಲ್ಲಿ ನೂರಕ್ಕೆ ಸುಮಾರು 24 ಪಾಲು ಮ್ಯಾಂಗನೀಸ್, ತಲಾ ಒಂದು ಪಾಲಿನಷ್ಟು ನಿಕ್ಕಲ್ ಮತ್ತು ತಾಮ್ರ. ಬ್ಯಾಟರಿಯವರು ಹಂಬಲಿಸುವ ಕೋಬಾಲ್ಟ್ ಮಾತ್ರ ಸಾವಿರಕ್ಕೆ ಒಂದು ಪಾಲು.

ಎಕ್ಸ್‌ಆರ್‌ಎಫ್‌ನ ಬೇರು ಇರುವುದು ಹೆನ್ರಿ ಮೋಸ್ಲಿ ಎಂಬ ಇಂಗ್ಲಿಷ್ ಯುವಕನ ಕೆಲಸದಲ್ಲಿ. ಪರಮಾಣುವಿನ ಒಳಕವಚದ ಎಲೆಕ್ಟ್ರಾನ್ ಒಂದನ್ನು ಹೊಡೆದು ಹಾರಿಸಿದರೆ ಮೇಲಿನದೊಂದು ಇಳಿದು ಆ ಜಾಗ ತುಂಬುತ್ತದೆ. ಇಳಿಯುವಾಗ ಉಳಿದ ಶಕ್ತಿ ಕ್ಷ-ಕಿರಣವಾಗಿ ಹೊರಬೀಳುತ್ತದೆ. ಆ ಕಿರಣದ ಶಕ್ತಿ ಧಾತುವಿನ ಕ್ರಮಾಂಕಕ್ಕೆ ತಕ್ಕಂತೆ ಏರುತ್ತದೆಂದು 1913ರಲ್ಲಿ ಮೋಸ್ಲಿ ತೋರಿಸಿದ. ಕ್ಯಾಲ್ಸಿಯಂನಿಂದ ಸತುವಿನವರೆಗಿನ ಧಾತುಗಳನ್ನು ಅಳೆದ. ಸತುವಿಗೆ ಹಿತ್ತಾಳೆಯನ್ನೇ ಬಳಸಿದ. ತೂಕದಲ್ಲಿ ಕೋಬಾಲ್ಟ್ ಹೆಚ್ಚು, ನಿಕ್ಕಲ್ ಕಡಿಮೆ. ಆದರೂ ಆವರ್ತ ಕೋಷ್ಟಕದಲ್ಲಿ ಕೋಬಾಲ್ಟ್ ಏಕೆ ಮೊದಲು ಬರುತ್ತದೆ ಎಂಬ ಹಳೆಯ ಗೊಂದಲ ಇದರಿಂದ ಬಗೆಹರಿಯಿತು. ಮಾದರಿಗಳಲ್ಲಿದ್ದ ಕಲ್ಮಶಗಳ ಕಿರಣಗಳೂ ಛಾಯಾಚಿತ್ರ ಫಲಕದ ಮೇಲೆ ಗೆರೆಗಳಾಗಿ ಮೂಡಿದ್ದನ್ನು ಕಂಡು, ರಾಸಾಯನಿಕ ವಿಶ್ಲೇಷಣೆಗೆ ಇದೊಂದು ಬಲವಾದ ಸಾಧನವಾದೀತು ಎಂದು ಆತ ಆಗಲೇ ಬರೆದ. 1915ರ ಆಗಸ್ಟ್‌ನಲ್ಲಿ ಗ್ಯಾಲಿಪೊಲಿ ಯುದ್ಧದಲ್ಲಿ ಗುಂಡೇಟಿಗೆ ಬಲಿಯಾದಾಗ ಅವನಿಗೆ 27 ವರ್ಷ. ವಿಜ್ಞಾನಕ್ಕೆ ಆ ಯುದ್ಧ ಮಾಡಿದ ನಷ್ಟಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ.

ಮೋಸ್ಲಿ ಅಳೆದ ಅದೇ ಸಾಲಿನ ಲೋಹಗಳೇ ಗಂಟಿನಲ್ಲೂ ಇವೆ, ತೊಡಕು ಇರುವುದೂ ಅಲ್ಲೇ. ಒಂದೊಂದು ಧಾತುವೂ ಒಂದೇ ಗೆರೆ ಕೊಡುವುದಿಲ್ಲ. ಕೋಬಾಲ್ಟಿನ ಮುಖ್ಯ ಗೆರೆ 6.93 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ. ಕಬ್ಬಿಣದ ಎರಡನೇ ಗೆರೆ 7.06ರಲ್ಲಿ. ನಡುವಿನ ಅಂತರ 0.13. ಕೈಯಲ್ಲಿ ಹಿಡಿಯುವ ಯಂತ್ರದ ಉತ್ತಮ ಶೋಧಕಕ್ಕೂ ಸುಮಾರು 0.14ರಷ್ಟು ಅಂತರವಾದರೂ ಬೇಕು. ಗಂಟಿನಲ್ಲಿ ಕಬ್ಬಿಣವೋ ಕೋಬಾಲ್ಟಿನ ಹತ್ತಾರು ಪಟ್ಟು. ಡೊಳ್ಳಿನ ಪಕ್ಕದಲ್ಲಿ ಕೂತು ತಂಬೂರಿಯ ಶ್ರುತಿ ಹಿಡಿದಂತೆ ಇದು. ತಂಬೂರಿ ನುಡಿಯುತ್ತಲೇ ಇರುತ್ತದೆ, ಆದರೆ ಕಿವಿಗೆ ಬೀಳುವುದರಲ್ಲಿ ಎಷ್ಟು ಅದರದು, ಎಷ್ಟು ಡೊಳ್ಳಿನದು ಎಂದು ಲೆಕ್ಕ ಹಾಕಿಯೇ ಬೇರ್ಪಡಿಸಬೇಕು. ಯಂತ್ರದ ತಂತ್ರಾಂಶ ಮಾಡುವುದೂ ಇದನ್ನೇ. ಆ ಲೆಕ್ಕ ಕೊಂಚ ತಪ್ಪಿದರೂ ಕೋಬಾಲ್ಟ್ ಇಲ್ಲದಲ್ಲಿ ಹುಟ್ಟುತ್ತದೆ, ಇದ್ದಲ್ಲಿ ಮಾಯವಾಗುತ್ತದೆ. ಹರಳಿನಿಂದ ಕಿರಣಗಳನ್ನು ತರಂಗಾಂತರಕ್ಕೆ ತಕ್ಕಂತೆ ಬೇರ್ಪಡಿಸುವ ಪ್ರಯೋಗಾಲಯದ ದೊಡ್ಡ ಯಂತ್ರಕ್ಕೆ ಈ ಕಷ್ಟ ಬಹಳ ಕಡಿಮೆ.

ಇನ್ನೊಂದು ಮಾತು. ಈ ಲೋಹಗಳ ಕಿರಣಗಳು ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತಲೂ ತೆಳುವಾದ ಪದರದಿಂದ ಮಾತ್ರ ಹೊರಬರುತ್ತವೆ. ಗಂಟು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ನೀರಿಗೆ ಒಡ್ಡಿಕೊಂಡ ಮೇಲ್ಮೈಯಲ್ಲಿ ಕಬ್ಬಿಣ, ಕೋಬಾಲ್ಟ್ ಹೆಚ್ಚು; ಕೆಸರಿನಲ್ಲಿ ಹುದುಗಿದ ಕೆಳಮೈಯಲ್ಲಿ ನಿಕ್ಕಲ್, ತಾಮ್ರ ಹೆಚ್ಚು. ಒಂದೇ ಗಂಟನ್ನು ಮಗುಚಿ ಹಾಕಿ ಅಳೆದರೆ ಉತ್ತರ ಬೇರೆ! ಸಾಲದ್ದಕ್ಕೆ ಅದರ ಮೈತುಂಬ ಸೂಕ್ಷ್ಮ ರಂಧ್ರಗಳು, ಅವುಗಳಲ್ಲಿ ನೀರು. ಅದಕ್ಕೇ ಪ್ರಯೋಗಾಲಯದಲ್ಲಿ ಗಂಟನ್ನು ಸುಮಾರು 110 ಡಿಗ್ರಿ ಶಾಖದಲ್ಲಿ ಒಣಗಿಸಿ, ನುಣ್ಣಗೆ ಪುಡಿ ಮಾಡಿ, ಒತ್ತಿ ಬಿಲ್ಲೆ ಮಾಡುತ್ತಾರೆ. ಒಣಗಿದ ಪುಡಿ ಗಾಳಿಯ ತೇವವನ್ನು ಮತ್ತೆ ಹೀರಿಕೊಳ್ಳುವುದರಿಂದ ತಡ ಮಾಡುವಂತಿಲ್ಲ. ಜೊತೆಗೆ, ಧಾತುಗಳ ಪ್ರಮಾಣ ಮೊದಲೇ ಗೊತ್ತಿರುವ ಗಂಟಿನ ಪುಡಿಯನ್ನೂ ಅಳೆದು ತಾಳೆ ನೋಡುತ್ತಾರೆ.

ಹಡಗಿನ ಮೇಲೆ ಯಾವ ಗಂಟು ಇಟ್ಟುಕೊಳ್ಳಬೇಕು, ಮುಂದಿನ ಮಾದರಿ ಎಲ್ಲಿಂದ ಎತ್ತಬೇಕು ಎಂದು ತೀರ್ಮಾನಿಸಲು ಕೈಯಂತ್ರ ನಿಜಕ್ಕೂ ಅಮೂಲ್ಯ. ಮ್ಯಾಂಗನೀಸ್, ನಿಕ್ಕಲ್, ತಾಮ್ರದ ಅಂದಾಜಿಗೆ ಅದು ಚೆನ್ನಾಗಿಯೇ ಒದಗುತ್ತದೆ. ಆದರೆ ಅದರ ಕೋಬಾಲ್ಟ್ ಅಂಕಿಯನ್ನು ನಿಕ್ಷೇಪದ ಬೆಲೆ ಕಟ್ಟಲು ಬಳಸಬಾರದು. ಸಮುದ್ರದಲ್ಲಿ ಕೋಬಾಲ್ಟ್ ಭಂಡಾರ ಸಿಕ್ಕಿತೆಂಬ ಸುದ್ದಿ ಓದಿದಾಗ, ಅಳೆದದ್ದು ಒಣ ಪುಡಿಯನ್ನೋ ಹಸಿ ಗಂಟನ್ನೋ, ಯಾವ ಯಂತ್ರದಲ್ಲಿ ಎಂದು ದಯವಿಟ್ಟು ಕೇಳಿ.