ಮೊಮ್ಮಗಳಲ್ಲ, ನನ್ನ ಮಗಳು!

ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ. ನಮ್ಮ ತಿಪಟೂರಿನ ಪೇಟೆಯಲ್ಲಿ ಬಳೆ ಅಂಗಡಿಗೆ ಹೋಗಿದ್ದೆ. ಕಂಕುಳಲ್ಲಿ ಹತ್ತು ತಿಂಗಳ ಪುಟ್ಟಿ. ಬಳೆ ತೊಡಿಸುತ್ತಿದ್ದಾಕೆ ಮಗುವಿನ ಗಲ್ಲ ಹಿಂಡಿ, "ಅಜ್ಜಿ ಜೊತೆ ಬಂದಿದೀಯೇನೇ ಕಳ್ಳಿ? ಮೊಮ್ಮಗಳು ಥೇಟ್ ನಿಮ್ಮ ಹಾಗೇ ಇದಾಳೆ ಕಣಮ್ಮ" ಅಂದಳು. ಸುತ್ತ ನಾಲ್ಕಾರು ಹೆಂಗಸರು. ನಾನು ತಲೆ ತಗ್ಗಿಸಿಕೊಂಡು "ಹೂಂ" ಅಂದುಬಿಟ್ಟೆ!

ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು. ಹೆತ್ತ ಮಗಳನ್ನು ಮಗಳು ಎನ್ನಲು ಬಾಯಿ ಬರಲಿಲ್ಲವಲ್ಲ, ಇಂಥ ತಾಯಿಯೂ ಉಂಟೆ? ಪಾಪ, ಆ ಕೂಸು ನನ್ನ ಹೆಗಲ ಮೇಲೆ ತಲೆಯಿಟ್ಟು, ಹೊಸ ಬಳೆಗಳನ್ನು ಬೆರಳಿನಿಂದ ಎಣಿಸುವಂತೆ ಮುಟ್ಟಿ ಮುಟ್ಟಿ ನೋಡುತ್ತಿತ್ತು.

ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ನನಗೀಗ 43 ವರ್ಷ. ಎಸ್.ಎಸ್.ಎಲ್.ಸಿ. ಓದಿ ಮದುವೆಯಾಗಿ ಈ ಊರಿಗೆ ಬಂದವಳು. ನಮ್ಮ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗನಿಗೆ 19, ಬಿ.ಕಾಂ. ಎರಡನೇ ವರ್ಷ. ಅವನು ಎರಡನೇ ಪಿ.ಯು.ಸಿ.ಗೆ ಕಾಲಿಡುವ ಹೊತ್ತಿಗೆ ನಾನು ಮತ್ತೆ ಬಸುರಿ! ಮೊದಲು ಮುಟ್ಟು ನಿಲ್ಲುವ ಕಾಲ ಬಂತೇನೋ ಎಂದು ಸುಮ್ಮನಿದ್ದೆ. ಲೇಡಿ ಡಾಕ್ಟರು ನೋಡಿ ನಕ್ಕು, "ಏನೂ ನಿಂತಿಲ್ಲಮ್ಮ, ಶುರುವಾಗಿದೆ" ಎಂದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೂವತ್ತೈದು ದಾಟಿದ ಮೇಲಿನ ಬಸಿರಿನಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಭಯ ಹೆಚ್ಚು. ಹಾಗಾಗಿ ಪದೇ ಪದೇ ಪರೀಕ್ಷೆ. ಅದೆಲ್ಲ ಸಹಿಸಿದೆ. ಸಹಿಸಲಾಗದ್ದು ಮಗನ ಮೌನ. ಬೆಳೆದ ಹುಡುಗ, ಮೀಸೆ ಚಿಗುರುವ ವಯಸ್ಸು. ನನ್ನ ಹೊಟ್ಟೆ ಕಾಣತೊಡಗಿದ ಮೇಲೆ ಅವನು ಸ್ನೇಹಿತರನ್ನು ಮನೆಗೆ ಕರೆತರುವುದನ್ನೇ ನಿಲ್ಲಿಸಿಬಿಟ್ಟ. ಬಡಿಸಿದರೆ ಉಣ್ಣುವನು, ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಮಗು ಹುಟ್ಟಿದ ಮೇಲೂ ತೊಟ್ಟಿಲ ಬಳಿ ಸುಳಿಯಲಿಲ್ಲ. ನನಗೋ ಅವನ ಮುಖ ನೋಡಲು ನಾಚಿಕೆ.

ಮೊದಲ ಸಲ ಕಾಣದೇ ಹೋದದ್ದು

ಈಗ ಯೋಚಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಮಗ ಹುಟ್ಟಿದಾಗ ನಮ್ಮದು ಹನ್ನೊಂದು ಜನರ ಕೂಡುಕುಟುಂಬ. ಬೆಳಿಗ್ಗೆ ಐದಕ್ಕೆ ಒಲೆ ಮುಂದೆ ಕೂತರೆ ಹತ್ತಕ್ಕೆ ಏಳುವುದು. ಆಮೇಲೆ ಬಟ್ಟೆ, ಪಾತ್ರೆ, ಮತ್ತೆ ಒಲೆ. ಮಗು ನಾದಿನಿಯರ ಕೈಯಲ್ಲಿ. ಹಾಲೂಡಿಸಲು ಮಾತ್ರ ನನ್ನ ಹತ್ತಿರ. ಅವನು ಮೊದಲ ಹೆಜ್ಜೆ ಇಟ್ಟಾಗ ನಾನು ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದೆ. "ಅತ್ತಿಗೇ, ಮಗ ನಡೆದ!" ಎಂದು ನಾದಿನಿ ಕೂಗಿದಳು. ಕೈಯ ಸೋಪಿನ ನೊರೆ ಒರೆಸಿಕೊಂಡು ಓಡಿಬರುವಷ್ಟರಲ್ಲಿ ಅವನು ಕೂತುಬಿಟ್ಟಿದ್ದ. ಆವತ್ತು ದುಃಖಪಡಲೂ ಪುರುಸೊತ್ತಿರಲಿಲ್ಲ.

ಈಗ ಮನೆಯಲ್ಲಿ ನಾವು ಐದೇ ಜನ. ಅತ್ತೆಗೆ ಎಪ್ಪತ್ತು ದಾಟಿದೆ. ಕೆಲಸ ಕಡಿಮೆಯೇನಲ್ಲ, ಆದರೆ ನಿಂತು ನೋಡಲು ಸಮಯವಿದೆ. ಪುಟ್ಟಿಗೀಗ ಇಪ್ಪತ್ತೆರಡು ತಿಂಗಳು. ಅವಳ ಒಂದೊಂದು ಆಟವೂ ನನಗೆ ಹೊಸದು. ಮಗುವೇ ಕಾಣದವಳಂತೆ ನೋಡುತ್ತೇನೆ!

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಚುಕ್ಕಿ ಇಡುವಾಗ ಪುಟ್ಟಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಾಳೆ. ಏಳು ಚುಕ್ಕಿಯ ರಂಗೋಲಿ ಮುಗಿಯುವ ತನಕ ತುಟಿ ಪಿಟಕ್ಕೆನ್ನುವುದಿಲ್ಲ. ಮುಗಿದೊಡನೆ ಒಂದು ಹಿಡಿ ಪುಡಿ ತೆಗೆದು ನಟ್ಟನಡುವೆ ಸುರಿದು ಚಪ್ಪಾಳೆ! ಮೊದಮೊದಲು ಗದರಿಸುತ್ತಿದ್ದೆ. ಈಗ ನಾನೇ ನಡುವೆ ಜಾಗ ಬಿಟ್ಟು ಬರೆಯುತ್ತೇನೆ. "ನಿಮ್ಮ ರಂಗೋಲೀಲಿ ದಿನಾ ಹುಣ್ಣಿಮೆ" ಎನ್ನುತ್ತಾರೆ ಎದುರು ಮನೆಯವರು.

ಇನ್ನು ನಮ್ಮ ಯಜಮಾನರ ಚಪ್ಪಲಿಯ ಕತೆ. ಅವರು ತಿಂಡಿಗೆ ಕೂತ ಸುಳಿವು ಸಿಕ್ಕಿತೋ, ಪುಟ್ಟಿ ಒಂದು ಚಪ್ಪಲಿ ಎತ್ತಿಕೊಂಡು ಹೋಗಿ ಈರುಳ್ಳಿ ಬುಟ್ಟಿಯಲ್ಲಿ ಬಚ್ಚಿಡುತ್ತಾಳೆ. ಚಪ್ಪಲಿ ಇಲ್ಲದಿದ್ದರೆ ಅಪ್ಪ ಹೋಗುವುದಿಲ್ಲ ಎಂಬ ಲೆಕ್ಕ. ಇಪ್ಪತ್ತು ವರ್ಷ ಗಡಿಯಾರ ನೋಡಿಯೇ ಮನೆ ಬಿಟ್ಟವರು ಇವರು. ಈಗ ಈರುಳ್ಳಿ ಬುಟ್ಟಿ ಇರುವುದು ಗೊತ್ತಿದ್ದರೂ ಮಂಚದ ಕೆಳಗೆ, ಬಾಗಿಲ ಹಿಂದೆ ಹುಡುಕುವ ನಾಟಕವಾಡುತ್ತಾರೆ. ಇವರಿಗೆ ನಾಟಕ ಬರುತ್ತದೆಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು ನೋಡಿ!

ಚಪಾತಿ ಮಾಡುವ ದಿನ ಅವಳಿಗೂ ಒಂದು ಗೋಲಿಯಷ್ಟು ಹಿಟ್ಟು. ನೆಲಕ್ಕೆ, ಲಂಗಕ್ಕೆ, ಮೂಗಿಗೆ ಎಲ್ಲಾ ಉಜ್ಜಿ ಕಪ್ಪಗೆ ಮಾಡಿ ಅಜ್ಜಿಯ ಬಾಯಿಗೆ ತುರುಕಲು ಓಡುತ್ತಾಳೆ. ಅತ್ತೆ "ಆಹಾ, ಏನು ರುಚಿ" ಎಂದು ಸೆರಗಿನ ಮರೆಯಲ್ಲಿ ಬಚ್ಚಿಡುತ್ತಾರೆ.

ಮಾತು ಬಾರದ ದಿನಗಳು

ಎಲ್ಲವೂ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ನಾನು ಮಾಡಿದ ಒಂದು ತಪ್ಪನ್ನೂ ಹೇಳಲೇಬೇಕು.

ಪುಟ್ಟಿ ಊಟಕ್ಕೆ ಬಲು ಹಟ. ಒಂದು ತುತ್ತಿಗೆ ಒಂದು ಓಟ. ಮೊಣಕಾಲು ನೋವಿನ ನನ್ನ ಕೈಯಲ್ಲಿ ಅವಳ ಹಿಂದೆ ಓಡಲು ಆಗುತ್ತಿರಲಿಲ್ಲ. ಒಂದು ದಿನ ಮೊಬೈಲಿನಲ್ಲಿ ಬೊಂಬೆ ಹಾಡು ಹಾಕಿಕೊಟ್ಟೆ. ಕಣ್ಣು ಮಿಟುಕಿಸದೆ ಕೂತಳು, ಬಟ್ಟಲು ಖಾಲಿ! ಅಲ್ಲಿಂದ ಊಟಕ್ಕೂ ಮೊಬೈಲು, ಎಣ್ಣೆ ಹಚ್ಚಲೂ ಮೊಬೈಲು, ನಾನು ಸಾರಿಗೆ ಒಗ್ಗರಣೆ ಹಾಕುವಾಗಲೂ ಮೊಬೈಲು. ಮನೆ ನಿಶ್ಶಬ್ದ. ಎಂಥ ಜಾಣ ಮಗು ಎಂದು ನಾನೇ ಬೀಗುತ್ತಿದ್ದೆ.

ಒಂದೂವರೆ ವರ್ಷಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಲು ಹೋದೆವು. 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾದ ಎರಡನೇ ಡೋಸು, ಡಿ.ಪಿ.ಟಿ. ಬೂಸ್ಟರು, ಪೋಲಿಯೋ ಹನಿ ಹಾಕಿಸಬೇಕು. ಸ್ಕೂಟರಿನಲ್ಲಿ ಬಿಡಲು ಮಗ ಬಂದಿದ್ದ. ಡಾಕ್ಟರು ಮಗುವನ್ನು ನೋಡುತ್ತಾ "ಏನೇನು ಮಾತಾಡ್ತಾಳೆ?" ಎಂದರು. ಏನು ಹೇಳಲಿ? ಅಮ್ಮ ಇಲ್ಲ, ಅಪ್ಪ ಇಲ್ಲ, ಬರೀ "ಆ, ಊ". ಈ ವಯಸ್ಸಿಗೆ ಅರ್ಥವಿರುವ ನಾಲ್ಕಾರು ಮಾತಾದರೂ ಬರಬೇಕು, ಎರಡು ವರ್ಷ ತುಂಬುವಷ್ಟರಲ್ಲಿ "ಅಪ್ಪ ಬಾ" ಎಂದು ಎರಡು ಮಾತು ಕೂಡಿಸಬೇಕು ಎಂದರು ಡಾಕ್ಟರು. ನನ್ನ ಎದೆ ಧಸಕ್ಕೆಂದಿತು. ವಯಸ್ಸಾದ ಮೇಲೆ ಹೆತ್ತದ್ದಕ್ಕೇ ಹೀಗಾಯಿತೇನೋ! ಯಾರೋ ಬೆನ್ನ ಹಿಂದೆ ಅಂದೇ ಇದ್ದರು, ಅದೇ ನಿಜವಾಯಿತೇ?

"ಮೊದಲು ಕಿವಿ ಪರೀಕ್ಷೆ ಮಾಡಿಸೋಣ. ಮನೇಲಿ ಮೊಬೈಲು ಎಷ್ಟು ಹೊತ್ತು ನೋಡ್ತಾಳೆ?"

"ಎಲ್ಲೋ ಸ್ವಲ್ಪ ಸಾರ್" ಅಂದೆ.

ಬಾಗಿಲ ಬಳಿ ನಿಂತಿದ್ದ ಮಗ ಥಟ್ಟನೆ, "ಇಲ್ಲ ಡಾಕ್ಟ್ರೇ, ದಿನಕ್ಕೆ ಮೂರು ಗಂಟೆ ಮೇಲೆ" ಅಂದ.

ನನಗೆ ಅವಮಾನವಾಯಿತು. ಜೊತೆಗೇ ಆಶ್ಚರ್ಯ. ತಂಗಿಯ ಕಡೆ ತಿರುಗಿಯೂ ನೋಡದ ಹುಡುಗ ಇಷ್ಟು ದಿನ ಗಂಟೆ ಲೆಕ್ಕ ಇಟ್ಟಿದ್ದನೇ?

ಕಿವಿ ಪರೀಕ್ಷೆ ಆಯಿತು. ದೇವರ ದಯೆ, ಕಿವಿ ಚೆನ್ನಾಗಿತ್ತು. "ಇವಳಿಗೆ ಬೇಕಾದ್ದು ನಿಮ್ಮ ಮಾತು. ಮೊಬೈಲು ಮಾತಾಡುತ್ತೆ, ಆದರೆ ಮಗು ಅಂದದ್ದಕ್ಕೆ ಉತ್ತರ ಕೊಡಲ್ಲ" ಎಂದರು ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆಯಂತೆ: ಎರಡು ವರ್ಷ ತುಂಬುವ ತನಕ ಟಿ.ವಿ., ಮೊಬೈಲು ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಅಟ್ಟದ ಕಡೆ ಕೈ ತೋರಿಸಿದರು. "ಹತ್ತು ಹನ್ನೊಂದು ತಿಂಗಳು ಕಾಯಿ ಅಲ್ಲಿ ಸುಮ್ಮನೆ ಬಿದ್ದಿರುತ್ತೆ ಕಣಮ್ಮ. ಆಮೇಲೊಂದು ದಿನ ಅಲ್ಲಾಡಿಸಿದ್ರೆ ಒಳಗೆ ಗಡಗಡ ಅನ್ನುತ್ತೆ, ಕೊಬ್ಬರಿಯಾಗಿದೆ ಅಂತ. ಇದೂ ಹಂಗೇ" ಅಂದರು. ಅತ್ತೆಯ ಮಾತಿನಿಂದ ಧೈರ್ಯ ಬಂತು. ಆದರೂ ಸೋದರಿಯರೇ, ನಾನು ಹೇಳುವುದಿಷ್ಟು: ಮಾತು ತಡವಾದರೆ ಅಟ್ಟದ ಕಾಯಿಯಂತೆ ಕಾದು ಕೂರಬೇಡಿ. ಮೊದಲು ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ನಿಶ್ಚಿಂತೆಯಿಂದ ಕಾಯಬಹುದು.

ಅಣ್ಣನ ಶಾಲೆ

ಆ ದಿನವೇ ಮಗ ನನ್ನ ಮೊಬೈಲಿನಿಂದ ಬೊಂಬೆ ಹಾಡುಗಳನ್ನೆಲ್ಲ ತೆಗೆದುಹಾಕಿದ. ಮೊದಲ ಮೂರು ದಿನ ಪುಟ್ಟಿ ಮನೆ ಹಾರಿಹೋಗುವಂತೆ ಅತ್ತಳು. ಬಟ್ಟಲು ಬಿಸಾಡಿದಳು. ನಾಲ್ಕನೇ ದಿನ ತಣ್ಣಗಾದಳು.

ಸಂಜೆ ಕಾಲೇಜಿನಿಂದ ಬಂದವನೇ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ರೈಲು ತೋರಿಸಲು ಹೊರಡುತ್ತಿದ್ದ. ನಮ್ಮೂರ ಮೇಲೆ ಬೆಂಗಳೂರು-ಹುಬ್ಬಳ್ಳಿ ರೈಲುಗಳು ಓಡಾಡುತ್ತವಲ್ಲ, ಅದೇ ಅವಳ ಶಾಲೆ. ದಾರಿಯಲ್ಲಿ ಹಸು ಕಂಡರೆ "ಅಂಬಾ", ನಾಯಿ ಕಂಡರೆ "ಬೌಬೌ", ರೈಲಿಗೆ "ಚುಕುಬುಕು". ನಾನೂ ಅಡಿಗೆಮನೆಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. "ಇದು ಬೀನ್ಸು, ಇದನ್ನ ಮುರಿಯೋಣ, ಟಕ್! ಇದು ಸಾಸಿವೆ, ಚಟಪಟ!" ಹುಚ್ಚಿ ಅಂದುಕೊಂಡಾರು ಎನ್ನುವಷ್ಟು ಮಾತು!

ಒಂದೂವರೆ ತಿಂಗಳು ಕಳೆಯಿತು. ಒಂದು ಸಂಜೆ ಜೋರು ಮಳೆ. ಕರೆಂಟು ಹೋಗಿತ್ತು. ಮಗ ಬರುವ ಹೊತ್ತು ಮೀರಿತ್ತು. ಪುಟ್ಟಿ ಕಿಟಕಿ ಸರಳು ಹಿಡಿದು ಹೊರಗೇ ನೋಡುತ್ತಿದ್ದಳು. ನಾನು ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಹಿಂದಿನಿಂದ ಸಣ್ಣ ದನಿ: "ಅಣ್ಣಾ". ಕೈಯ ಎಣ್ಣೆ ಗಿಂಡಿ ಹಾಗೇ ನಿಂತಿತು. ಮತ್ತೆ "ಅಣ್ಣಾ... ಅಣ್ಣಾ..."

ನೋಡಿ, ಹೆತ್ತವಳು ನಾನು, ಮೊದಲ ಮಾತು ಅವನ ಪಾಲಾಯಿತು!

ತೊಪ್ಪೆಯಾಗಿ ನೆನೆದು ಬಂದವನನ್ನು ಬಾಗಿಲಲ್ಲೇ ಕೂಗಿದಳು. ಅವನು ಶೂ ಕೂಡ ಬಿಚ್ಚದೆ ಹೊಸ್ತಿಲ ಮೇಲೇ ಕೂತುಬಿಟ್ಟ. ಅವಳ ಲಂಗದಲ್ಲಿ ಮುಖ ಹುದುಗಿಸಿಕೊಂಡ. ಮಳೆ ನೀರೋ ಕಣ್ಣ ನೀರೋ ನಾನು ಕೇಳಲಿಲ್ಲ. ಮುಂದಿನ ಭಾನುವಾರ ಎರಡು ವರ್ಷದ ನಂತರ ಮೊದಲ ಬಾರಿಗೆ ಅವನ ಮೂವರು ಸ್ನೇಹಿತರು ನಮ್ಮ ಮನೆಗೆ ಬಂದರು. "ಯಾರೋ ಈ ಪಾಪು?" ಎಂದು ಒಬ್ಬ ಕೇಳಿದ್ದು ಅಡಿಗೆಮನೆಗೆ ಕೇಳಿಸಿತು. "ನನ್ನ ತಂಗಿ ಕಣೋ" ಎಂದ ಮಗನ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಆವತ್ತು ಉಪ್ಪಿಟ್ಟಿಗೆ ಉಪ್ಪು ಎರಡು ಸಲ ಹಾಕಿದೆ!

ರಾತ್ರಿ ಪಾತ್ರೆ ತೊಳೆಯುವಾಗ ಅವನಿಗೆ ಹೇಳಿದೆ: "ನೀನು ಮೊದಲು ನಡೆದಿದ್ದನ್ನ ನಾನು ನೋಡಲೇ ಇಲ್ಲ ಕಣೋ. ಬಟ್ಟೆ ಒಗೀತಿದ್ದೆ." ಅವನು ಒಂದು ಗಳಿಗೆ ಸುಮ್ಮನಿದ್ದು, "ಹೋಗಲಿ ಬಿಡಮ್ಮ, ಇವಳದ್ದು ನೋಡಿದೆಯಲ್ಲ" ಅಂದ. ಹತ್ತೊಂಬತ್ತು ವರ್ಷದ ಭಾರ ಇಳಿದ ಹಾಗಾಯಿತು.

ಪುಟ್ಟ ಬಾಯಿಗೆ, ಪುಟ್ಟ ಎಚ್ಚರ

ಮೊಬೈಲು ಹೋದ ಮೇಲೆ ಪುಟ್ಟಿ ಊಟ ಹೇಗೆ ಮಾಡುತ್ತಾಳೆ ಎಂದು ಕೇಳುತ್ತೀರಿ. ನಮ್ಮ ಜೊತೆಗೇ, ಅವಳದೇ ತಟ್ಟೆಯಲ್ಲಿ. ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ನೆಲ ಒರೆಸಬಹುದು ಬಿಡಿ! ಬೆಳಿಗ್ಗೆ ಮಾತ್ರ ತಪ್ಪದೆ ರಾಗಿ ಸರಿ. ಅದರ ಹಿಟ್ಟು ಮಾಡುವ ಕ್ರಮ ಹೀಗೆ:

ಅರ್ಧ ಕಿಲೋ ರಾಗಿಯನ್ನು ಕಲ್ಲಿಲ್ಲದಂತೆ ತೊಳೆದು ರಾತ್ರಿ ನೆನೆಸಿ. ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ನೆರಳಲ್ಲಿ ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವಂತೆ ಹುರಿದು, ನುಣ್ಣಗೆ ಪುಡಿ ಮಾಡಿ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಎರಡು ಚಮಚ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಲೆಯ ಮೇಲಿಟ್ಟು ಕೈಬಿಡದೆ ತಿರುವಿ. ಮಂದವಾಗಿ ಹೊಳಪು ಬಂದ ಮೇಲೆ ಹಾಲು, ಅರ್ಧ ಚಮಚ ತುಪ್ಪ, ರುಚಿಗೆ ಚೂರು ಬೆಲ್ಲ. ವರ್ಷ ತುಂಬದ ಮಗುವಿಗೆ ಉಪ್ಪು, ಬೆಲ್ಲ, ಸಕ್ಕರೆ ಬೇಡ, ಜೇನುತುಪ್ಪವಂತೂ ಕೂಡದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಮೂಳೆಗೆ ಬೇಕಾದ್ದು ಅದೇ ತಾನೆ?

ನಮ್ಮದು ಕೊಬ್ಬರಿ ಊರು. ಮಕ್ಕಳ ಕೈಗೆ ಕೊಬ್ಬರಿ ಚೂರು ಕೊಡುವುದು ರೂಢಿ. ಆದರೆ ಕೊಬ್ಬರಿ ಚೂರು, ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ಪುಟ್ಟ ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ನಾಲ್ಕೈದು ವರ್ಷ ಆಗುವ ತನಕ ತುರಿದೋ, ಪುಡಿ ಮಾಡಿಯೋ, ಹೆಚ್ಚಿಯೋ ಕೊಡಿ. ಕಾಯಿ ತುರಿದ ಮೇಲೆ ಈಳಿಗೆಮಣೆಯನ್ನು ಎತ್ತರದಲ್ಲಿಡಿ.

ಮತ್ತೆ ಬಳೆ ಅಂಗಡಿ

ಇಪ್ಪತ್ತರ ಪುಟ್ಟಿಗೆ ಅರವತ್ತು ದಾಟಿದ ತಾಯಿ ಎಂಬ ಲೆಕ್ಕ ಈಗಲೂ ಕೆಲವು ರಾತ್ರಿ ನಿದ್ದೆ ಕೆಡಿಸುತ್ತದೆ. ಆಗ ಪಕ್ಕದಲ್ಲಿ ಮಲಗಿದವಳು ನಿದ್ದೆಗಣ್ಣಲ್ಲೇ ನನ್ನ ಕಿವಿಯೋಲೆ ತಡಕುತ್ತಾಳೆ. ನಾನಿದ್ದೇನೆಂದು ಖಾತರಿಯಾದ ಮೇಲೆ ಮತ್ತೆ ತಾಚಿ. ಅವಳಿಗೆ ನನ್ನ ವಯಸ್ಸು ಬೇಕಿಲ್ಲ, ಓಲೆ ಇದ್ದರೆ ಸಾಕು.

ಈ ಸಲ ಗೌರಿ ಹಬ್ಬಕ್ಕೆ ಅದೇ ಅಂಗಡಿಗೆ ಹೋದೆ. ಅದೇ ಬಳೆಯಾಕೆ. "ಮೊಮ್ಮಗಳು ಬೆಳೆದುಬಿಟ್ಟಳಲ್ಲಮ್ಮ!" ಅಂದಳು. ಸುತ್ತ ಈ ಬಾರಿ ಇನ್ನೂ ಹೆಚ್ಚು ಜನ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಮೊಮ್ಮಗಳಲ್ಲ ಕಣಮ್ಮ, ನನ್ನ ಮಗಳು."

ಯಾರೂ ನಗಲಿಲ್ಲ. ಬಳೆಯಾಕೆ ಒಮ್ಮೆ ನನ್ನ ಮುಖ, ಒಮ್ಮೆ ಪುಟ್ಟಿಯ ಮುಖ ನೋಡಿ, "ಹಂಗಾದ್ರೆ ತಾಯಿಗೂ ಮಗಳಿಗೂ ಒಂದೇ ಬಣ್ಣದ್ದು ತೊಡಿಸ್ಲಾ?" ಅಂದಳು.

ಹಸಿರು ಬಳೆ ತೊಟ್ಟು ಬಂದೆವು, ಇಬ್ಬರೂ.