ಕರೆಂಟ್ ಒಲೆ ಕಾಯಿಲ್ ತುಂಡಾದ್ರೆ ಗಂಟು ಹಾಕಬೇಡ್ರಿ

ಕೊಂಡಜ್ಜಿ ಊರಲ್ಲಿ ಗ್ಯಾಸ್ ತೀರಿದ ದಿನ ಅಟ್ಟದಿಂದ ಕೆಳಗಿಳಿಯೋದು ಈ ಕರೆಂಟ್ ಒಲೆ. ಕಾಯಿಲ್ ಕೆಂಪಾಗ್ತಿಲ್ವಾ? ಮೊದಲು ಪ್ಲಗ್ ಕಿತ್ತುಬಿಡ್ರಿ. ಸ್ವಿಚ್ ಆರಿಸಿದ್ರೆ ಸಾಲದು. ವೈರಿಂಗ್ ಅದಲುಬದಲಾಗಿದ್ರೆ ಕಾಯಿಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತೆ.

ಒಲೆ ಆರಿದ ಮೇಲೆ ಹತ್ತಿರದಿಂದ ನೋಡ್ರಿ. ಪಿಂಗಾಣಿ ತಟ್ಟೆಯ ಸಾಲಿನಲ್ಲಿ, ಹೆಚ್ಚಾಗಿ ಹಾಲು ಉಕ್ಕಿ ಬಿದ್ದ ಜಾಗದಲ್ಲೇ ಸುರುಳಿ ತುಂಡಾಗಿರುತ್ತೆ. ತುದಿ ಕರ್ರಗಾಗಿರುತ್ತೆ. ಬಹಳ ಜನ ಎರಡೂ ತುದಿ ಹೊಸೆದು ಗಂಟು ಹಾಕ್ತಾರೆ. ದಯವಿಟ್ಟು ಬೇಡ. ಇದು ನಿಕ್ಕಲ್, ಕ್ರೋಮಿಯಂ ಬೆರೆಸಿದ ನೈಕ್ರೋಮ್ ತಂತಿ. ಗಂಟು ಸಡಿಲಿದ್ದಲ್ಲಿ ಕಾವು ಹೆಚ್ಚಿ ಮತ್ತೆ ಸುಡುತ್ತೆ. ತಂತಿ ಗಿಡ್ಡಾದಷ್ಟೂ ಕರೆಂಟೂ ಜಾಸ್ತಿ ಎಳೆಯುತ್ತೆ.

ಹಳೆಯದರಷ್ಟೇ ವ್ಯಾಟಿನ ಹೊಸ ಕಾಯಿಲ್ ಹರಿಹರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳ್ರಿ. ತಟ್ಟೆಯ ಸಾಲಿಗೆ ದಾರ ಇಟ್ಟು ಅಳೆದು, ಕಾಯಿಲನ್ನ ಅಷ್ಟೇ ಉದ್ದಕ್ಕೆ ನಿಧಾನವಾಗಿ, ಸಮನಾಗಿ ಎಳೀರಿ. ಎಲ್ಲಾದ್ರೂ ಸುರುಳಿ ಒತ್ತೊತ್ತಾಗಿ ಉಳಿದ್ರೆ ಮುಂದೆ ಸುಡೋದು ಅದೇ ಜಾಗ. ತುದಿಗಳನ್ನ ಸ್ಕ್ರೂಗೆ ಬಿಗಿಯಾಗಿ ಕೂರಿಸ್ರಿ.

2000 ವ್ಯಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತೆ. 6 ಆಂಪಿಯರ್ ಸಾಕೆಟ್ಟಿಗೆ ಹಾಕಲೇಬೇಡ್ರಿ; 16ರದ್ದೇ ಬೇಕು, ಅರ್ಥಿಂಗ್ ಸಮೇತ.